ಕಾನೂನು ಕಟ್ಟೆ: ರಕ್ತದ ರಿಪೋರ್ಟ್ ಬಂದಿದೆ, ಈಗೇನು ಮಾಡೋದು?

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು, ಕುಡಿದು ಗಾಡಿ ಓಡಿಸಿದ ಕೇಸು. ಹಾಗಾಗಿ ಜಮೀನಿನ ಪೋಡಿ, ಪಾಲುಪಟ್ಟಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ತುಮಕೂರು ಕೋರ್ಟಿನಲ್ಲಿ ವಕೀಲೆ. ಎಲ್‌ಎಲ್‌ಬಿಗೆ ಮೊದಲು ಓದಿದ್ದು ಕೆಮಿಸ್ಟ್ರಿ. ಲ್ಯಾಬ್ ರಿಪೋರ್ಟ್ ಇರುವ ಫೈಲ್ ಬಂದರೆ ಅಕ್ಕಪಕ್ಕದ ಟೇಬಲ್‌ನವರು ‘ಮೇಡಂ, ಇದನ್ನ ಒಂಚೂರು ನೋಡಿ’ ಅಂತ ನನ್ನ ಕಡೆ ತಳ್ಳುತ್ತಾರೆ. ನೋಡುವುದು ನನಗೂ ಇಷ್ಟವೇ.

ಪತ್ರ ಬರೆದವರ ಹೆಸರು ಹಾಕಿಲ್ಲ, ಊರಷ್ಟೇ ಇದೆ.

ಪ್ರಶ್ನೆ: ನಮ್ಮ ಭಾವಮೈದುನ ರಾತ್ರಿ ಕ್ಯಾತ್ಸಂದ್ರದ ಕಡೆಯಿಂದ ಬೈಕಲ್ಲಿ ಬರುವಾಗ ಡಿವೈಡರ್‌ಗೆ ಹೊಡೆದು ಬಿದ್ದ. ಕಾಲು ಮುರಿಯಿತು. ಬೇರೆ ಯಾರಿಗೂ ಏಟಾಗಿಲ್ಲ. ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲೇ ರಕ್ತ ತೆಗೆದರು. ಪೊಲೀಸರು ಮೆಷಿನ್‌ನಲ್ಲಿ ಊದಿಸಲಿಲ್ಲ. ತಿಂಗಳುಗಳಾದ ಮೇಲೆ ಸಮನ್ಸ್ ಬಂತು. ರಕ್ತದಲ್ಲಿ 34 ಮಿಲಿಗ್ರಾಂ ಆಲ್ಕೋಹಾಲ್ ಇತ್ತಂತೆ. ಸ್ಪಿರಿಟ್ ಹಚ್ಚಿ ಸೂಜಿ ಚುಚ್ಚಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದರಿಂದಲೇ ಹೀಗೆ ಬಂದಿದೆ, ಕೇಸು ನಿಲ್ಲಲ್ಲ ಅಂತ ಪರಿಚಯದ ವಕೀಲರು ಹೇಳುತ್ತಾರೆ. ಅವನು ಕುಡಿದಿದ್ದು ಬರೀ ಒಂದು ನೈಂಟಿ, ಅದೂ ಎರಡು ಗಂಟೆ ಮುಂಚೆ. ನಿಜಕ್ಕೂ ಕೇಸು ಬಿದ್ದುಹೋಗುತ್ತದೆಯೇ? (ಶಿರಾ ಗೇಟ್, ತುಮಕೂರು)

ಉತ್ತರ: ಮೊದಲು ಆ ‘ಬರೀ ಒಂದು ನೈಂಟಿ’ಯ ಲೆಕ್ಕ ಹಾಕೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 90 ಮಿಲಿಲೀಟರ್ ಅಂದರೆ ತೂಕದಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. 65 ಕೆ.ಜಿ. ತೂಗುವ ಗಂಡಸು ಅದನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ 100 ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ 70 ಮಿಲಿಗ್ರಾಂವರೆಗೆ ಏರಬಹುದು. ಆಮೇಲೆ ಲಿವರ್ ಗಂಟೆಗೆ 15ರಷ್ಟು ಇಳಿಸುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20. ಎರಡು ಗಂಟೆ ಕಳೆದರೂ 40ರ ಆಸುಪಾಸು ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಮಿತಿ 30. ಊಟ ಮಾಡಿ ಕುಡಿದಿದ್ದರೆ ಇನ್ನೂ ಸ್ವಲ್ಪ ಕಡಿಮೆ ಅನ್ನಿ. ಒಟ್ಟಿನಲ್ಲಿ 34 ಅನ್ನೋದು ನಿಮ್ಮ ಹುಡುಗ ಹೇಳುವ ಕಥೆಗೆ ವಿರುದ್ಧವೇನಲ್ಲ, ಸರಿಯಾಗಿ ಹೊಂದುತ್ತದೆ! ದಯವಿಟ್ಟು ಆ ನೈಂಟಿ ಮಾತನ್ನು ಸಿಕ್ಕಸಿಕ್ಕವರ ಮುಂದೆ ಆಡಬೇಡಿ. ನಿಮ್ಮ ವಕೀಲರಿಗೆ ಮಾತ್ರ ಹೇಳಿ.

ಹಾಗಂತ ಕೇಸು ಮುಗಿಯಿತು ಅಂತಲೂ ಅಲ್ಲ. 34 ಮತ್ತು 30ರ ನಡುವೆ ಇರುವುದು ನಾಲ್ಕೇ ಮಿಲಿಗ್ರಾಂ. ಸಂಖ್ಯೆ 134 ಆಗಿದ್ದರೆ ನಾನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಸುಮ್ನೆ ಮಾತಾಗುತ್ತಿತ್ತು. ಮಿತಿಯ ಅಂಚಿನಲ್ಲಿ ಇರುವಾಗ ಸೂಜಿಯಿಂದ ಲ್ಯಾಬಿನ ತನಕ ಏನೇನಾಯಿತು ಅನ್ನೋದು ಲೆಕ್ಕಕ್ಕೆ ಬರುತ್ತದೆ.

ಮೊದಲ ಕೆಲಸ, ಕಾಗದ ತರಿಸಿ. ಚಾರ್ಜ್‌ಶೀಟ್ ಮತ್ತು ಅದರ ಜೊತೆಗಿನ ದಾಖಲೆಗಳ ಪ್ರತಿಯನ್ನು ಆರೋಪಿಗೆ ಪುಕ್ಕಟೆ ಕೊಡಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 207 ಆಗಿತ್ತು. ಆ ಕಟ್ಟಿನಲ್ಲಿ ನೀವು ಹುಡುಕಬೇಕಾದ್ದು: ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿನ ರೋಗಿಗೆಂದು ಬರೆಯುವ) ದಾಖಲೆ, ಪೊಲೀಸರು ಡಾಕ್ಟರಿಗೆ ಕೊಟ್ಟ ಕೋರಿಕೆ ಪತ್ರ, ರಕ್ತ ತೆಗೆದ ಸಮಯ, ಸೀಲ್ ಹಾಕಿದ ವಿವರ, ಬಾಟಲಿಯನ್ನು ಲ್ಯಾಬಿಗೆ ಒಯ್ದ ಪೇದೆಯ ಹೇಳಿಕೆ, ಲ್ಯಾಬಿನವರು ಕೊಟ್ಟ ರಸೀದಿ. ಇಷ್ಟರಲ್ಲಿ ಒಂದೆರಡು ಕಾಣದೇ ಇರುವುದು ಅಪರೂಪವಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅಳೆದಿದ್ದು ಯಾವುದನ್ನು? ಕಾನೂನು ಹೇಳುವುದು 100 ಮಿಲಿಲೀಟರ್ ರಕ್ತದಲ್ಲಿ ಇಷ್ಟು ಅಂತ. ಅಂದರೆ ಇಡೀ ರಕ್ತ. ಆದರೆ ಎಷ್ಟೋ ಆಸ್ಪತ್ರೆ ಲ್ಯಾಬುಗಳಲ್ಲಿ ರಕ್ತಕಣಗಳನ್ನು ಬೇರೆ ಮಾಡಿ, ಮೇಲೆ ನಿಲ್ಲುವ ಸೀರಮ್ಮನ್ನು ಮೆಷಿನ್‌ಗೆ ಹಾಕುತ್ತಾರೆ. ಆಲ್ಕೋಹಾಲ್ ನೀರಿರುವ ಕಡೆ ಹೋಗುತ್ತದೆ. ಸೀರಮ್‌ನಲ್ಲಿ ನೀರು ಜಾಸ್ತಿ. ಹಾಗಾಗಿ ಅದೇ ಮನುಷ್ಯನ, ಅದೇ ಹೊತ್ತಿನ ಸೀರಮ್ ರೀಡಿಂಗ್ ರಕ್ತದ ರೀಡಿಂಗ್‌ಗಿಂತ ಸಾಮಾನ್ಯವಾಗಿ ಶೇ 12ರಿಂದ 18ರಷ್ಟು ಮೇಲಿರುತ್ತದೆ. 34 ಅನ್ನು 1.15ರಿಂದ ಭಾಗಿಸಿ ನೋಡಿ. ಸುಮಾರು 29.6. ಮಿತಿಯ ಕೆಳಗೆ! ಆದ್ದರಿಂದ ರಿಪೋರ್ಟಿನಲ್ಲಿ ‘ಸೀರಮ್’ ಅಂತಿದೆಯೋ ‘ಹೋಲ್ ಬ್ಲಡ್’ ಅಂತಿದೆಯೋ ಅನ್ನೋದನ್ನು ಇವತ್ತೇ ಓದಿ. ಏನೂ ಬರೆದಿಲ್ಲವಾದರೆ ಅದೂ ನಿಮ್ಮ ಪ್ರಶ್ನೆಯೇ.

ಆಸ್ಪತ್ರೆಯ ಮೆಷಿನ್‌ಗೆ ಇನ್ನೊಂದು ತೊಂದರೆ ಇದೆ. ಅಲ್ಲಿ ಕಿಣ್ವ (ಎನ್‌ಜೈಮ್) ಬಳಸಿ ಪರೀಕ್ಷೆ ಮಾಡುತ್ತಾರೆ. ಚಿಕಿತ್ಸೆಗೆ ಅಷ್ಟು ಸಾಕು. ಆದರೆ ದೊಡ್ಡ ಏಟು ಬಿದ್ದ ರೋಗಿಯ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ, ಅದರ ಜೊತೆ ಎಲ್‌ಡಿಎಚ್ ಅನ್ನೋ ಕಿಣ್ವವೂ ಏರುತ್ತದೆ. ಇವೆರಡೂ ಸೇರಿದರೆ ಮೆಷಿನ್ ಇಲ್ಲದ ಆಲ್ಕೋಹಾಲನ್ನೂ ಸ್ವಲ್ಪ ಎಣಿಸಿಬಿಡಬಹುದು. ರಿಂಗರ್ ಲ್ಯಾಕ್ಟೇಟ್ ಅನ್ನೋ, ಲ್ಯಾಕ್ಟೇಟ್ ಇರುವ ಡ್ರಿಪ್ ಹಾಕಿದ್ದರೋ ಇಲ್ಲವೋ, ಕೇಸ್ ಶೀಟ್ ನೋಡಿ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಮಾಡುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿ. ಬಾಟಲಿಯನ್ನು ಬಿಸಿ ಮಾಡಿ, ರಕ್ತದ ಮೇಲೆ ಎದ್ದ ಆವಿಯನ್ನು ಒಂದು ಸಣ್ಣ ಕೊಳವೆಯ ಮೂಲಕ ಓಡಿಸುತ್ತಾರೆ. ಯಾವ ವಸ್ತು ಎಷ್ಟು ಹೊತ್ತಿಗೆ ಆಚೆ ಬರುತ್ತದೆ ಅನ್ನೋದರ ಮೇಲೆ ಇದು ಎಥೆನಾಲೋ (ಕುಡಿಯುವ ಮದ್ಯದ ಆಲ್ಕೋಹಾಲ್) ಬೇರೆಯೋ ಅಂತ ಗುರುತಿಸುತ್ತಾರೆ. ಈ ವಿಧಾನಕ್ಕೆ ಲ್ಯಾಕ್ಟೇಟ್‌ನ ಗೊಂದಲ ಇಲ್ಲ.

ನಿಮ್ಮ ರಿಪೋರ್ಟ್ ಬಂದಿದ್ದು ಆಸ್ಪತ್ರೆಯಿಂದಲೋ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದಲೋ (ಎಫ್‌ಎಸ್‌ಎಲ್)? ಪತ್ರದಲ್ಲಿ ಬರೆದಿಲ್ಲ. ಮೋಟಾರು ವಾಹನ ಕಾಯ್ದೆಯ 204ನೇ ಸೆಕ್ಷನ್ ಪ್ರಕಾರ ಪ್ರಯೋಗಾಲಯ ಪರೀಕ್ಷೆ ಅಂದರೆ ಕೇಂದ್ರ ಅಥವಾ ರಾಜ್ಯ ಸರ್ಕಾರ ನಡೆಸುವ ಇಲ್ಲವೇ ಮಾನ್ಯತೆ ಕೊಟ್ಟ ಲ್ಯಾಬಿನಲ್ಲಿ ಆಗಿದ್ದು. ಖಾಸಗಿ ಆಸ್ಪತ್ರೆಯ ಒಳಗಿನ ಲ್ಯಾಬ್ ತಾನಾಗಿಯೇ ಅದರಲ್ಲಿ ಸೇರುವುದಿಲ್ಲ. ಆದರೆ 2019ರ ತಿದ್ದುಪಡಿಯಲ್ಲಿ 185ಕ್ಕೆ ‘ಪ್ರಯೋಗಾಲಯ ಪರೀಕ್ಷೆಯೂ ಸೇರಿದಂತೆ ಬೇರೆ ಯಾವುದೇ ಪರೀಕ್ಷೆ’ ಅಂತ ಸೇರಿಸಿದ್ದಾರೆ. ಸರ್ಕಾರಿ ವಕೀಲರು ಅದನ್ನು ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಜಗಳ ಇರುವುದು ಅಲ್ಲೇ.

ಊದಿಸಲಿಲ್ಲ ಅನ್ನೋದೂ ಸಣ್ಣ ವಿಷಯವಲ್ಲ. 203 ಮತ್ತು 204ನ್ನು ಒಟ್ಟಿಗೆ ಓದಿದರೆ ಕ್ರಮ ಹೀಗಿದೆ. ಮೊದಲು ಉಸಿರಿನ ಪರೀಕ್ಷೆ. ಅದರಲ್ಲಿ ಆಲ್ಕೋಹಾಲ್ ಕಂಡರೆ, ಅಥವಾ ಊದಲು ಅವಕಾಶ ಕೊಟ್ಟರೂ ಊದದಿದ್ದರೆ, ಆಮೇಲೆ ರಕ್ತ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದರೆ ಚಿಕಿತ್ಸೆ ಮಾಡುವ ಡಾಕ್ಟರಿಗೆ ಮೊದಲು ತಿಳಿಸಬೇಕು. ಇದರಿಂದ ರೋಗಿಗೆ ತೊಂದರೆಯಾಗುತ್ತದೆ ಅಂತ ಅವರು ಬೇಡ ಅಂದರೆ ತೆಗೆಯುವ ಹಾಗಿಲ್ಲ. ನಿಮ್ಮ ಕೇಸಿನಲ್ಲಿ ಈ ಮೆಟ್ಟಿಲುಗಳನ್ನು ಹತ್ತಿದ್ದಾರೆಯೇ? ಕಾಗದದಲ್ಲಿ ಇಲ್ಲದಿದ್ದರೆ ತನಿಖಾಧಿಕಾರಿಯನ್ನೇ ಕೇಳಬೇಕು. ಇದು ಒಳ್ಳೆಯ ವಾದ. ಆದರೆ ಒಂದೇ ಏಟಿಗೆ ಕೇಸು ಬೀಳಿಸುತ್ತದೆ ಅಂತ ನಾನು ಮಾತು ಕೊಡುವುದಿಲ್ಲ.

ಇನ್ನು ಬಾಟಲಿ. ಆಲ್ಕೋಹಾಲ್ ಪರೀಕ್ಷೆಗೆ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತಾರೆ. ಅದರಲ್ಲಿ ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್ ಇರುತ್ತವೆ. ಮೊದಲನೆಯದು ರಕ್ತ ಕೆಡದಂತೆ ತಡೆಯುತ್ತದೆ, ಎರಡನೆಯದು ಹೆಪ್ಪುಗಟ್ಟದಂತೆ. ಫ್ಲೋರೈಡ್ ಇಲ್ಲದ ಟ್ಯೂಬ್ ಸ್ಟೇಷನ್ನಿನ ಬೀರುವಿನಲ್ಲಿ ಏಪ್ರಿಲ್ ಬಿಸಿಲಿಗೆ ದಿನಗಟ್ಟಲೆ ಕೂತಿದ್ದರೆ, ಒಳಗೆ ಸೇರಿದ ಯೀಸ್ಟ್ ರಕ್ತದ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡಬಹುದು. ದೋಸೆ ಹಿಟ್ಟು ರಾತ್ರಿಯಿಡೀ ಹುದುಗು ಬರುತ್ತದಲ್ಲ, ಹಾಗೆ. ಆದರೆ ಇದು ಉಲ್ಟಾನೂ ಆಗುತ್ತದೆ. ಮುಚ್ಚಳ ಸಡಿಲವಿದ್ದರೆ ಆಲ್ಕೋಹಾಲ್ ಹಾರಿಹೋಗಿ ರೀಡಿಂಗ್ ಕಡಿಮೆಯಾಗುತ್ತದೆ. ಹಾಗಾಗಿ ‘ಹಳೇ ಸ್ಯಾಂಪಲ್, ಆದ್ದರಿಂದ ಜಾಸ್ತಿ ತೋರಿಸಿದೆ’ ಅಂತ ಕಣ್ಣುಮುಚ್ಚಿ ವಾದ ಮಾಡಬೇಡಿ. ಯಾವ ಟ್ಯೂಬ್, ಎಷ್ಟು ದಿನ ಎಲ್ಲಿತ್ತು, ಫ್ರಿಜ್ಜಿನಲ್ಲಿತ್ತೋ ಹೊರಗಿತ್ತೋ, ಲ್ಯಾಬಿಗೆ ಹೋದಾಗ ಸೀಲ್ ಗಟ್ಟಿಯಾಗಿತ್ತೋ, ಮಾದರಿ ಸೀಲಿಗೆ ಹೊಂದಿತ್ತೋ, ಇಷ್ಟನ್ನು ಕೇಳಿ. ತೆಗೆದ ದಿನ ಮತ್ತು ಲ್ಯಾಬ್ ಮುಟ್ಟಿದ ದಿನದ ನಡುವೆ ಬಾಟಲಿ ಯಾರ ಕೈಯಲ್ಲಿತ್ತು ಅಂತ ಯಾರೂ ಹೇಳದಿದ್ದರೆ, ನನ್ನ ಪ್ರಕಾರ ನಿಮ್ಮ ಅತಿ ಗಟ್ಟಿ ಅಂಶ ಅದು.

ಸ್ಪಿರಿಟ್ ಮಾತನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಕೋರ್ಟಿನಲ್ಲಿ ಎಲ್ಲರೂ ಮೊದಲು ಕೂಗುವುದು ಇದನ್ನೇ. ಆಲ್ಕೋಹಾಲ್ ಪರೀಕ್ಷೆಗೆ ರಕ್ತ ತೆಗೆಯುವಾಗ ಸ್ಪಿರಿಟ್ ಹಚ್ಚಬಾರದು, ನಿಜ. ಸೋಪು ನೀರು ಅಥವಾ ಸ್ಪಿರಿಟ್ ಇಲ್ಲದ ದ್ರಾವಣ ಬಳಸಬೇಕು. ಆದರೆ ಹಚ್ಚಿದ್ದು ಒಣಗಿದ ಮೇಲೆ ಸೂಜಿ ಚುಚ್ಚಿದರೆ ರೀಡಿಂಗ್‌ನಲ್ಲಿ ಬೀಳುವ ವ್ಯತ್ಯಾಸ ನಗಣ್ಯ. ಆಸ್ಪತ್ರೆಯ ಸ್ವಾಬ್‌ನಲ್ಲಿ ಇದ್ದಿದ್ದು ಐಸೊಪ್ರೊಪೈಲ್ ಅನ್ನೋ ಬೇರೆ ಜಾತಿಯ ಆಲ್ಕೋಹಾಲ್ ಆಗಿದ್ದರಂತೂ ಗ್ಯಾಸ್ ಕ್ರೊಮ್ಯಾಟೊಗ್ರಫಿ ಅದನ್ನು ಬೇರೆಯಾಗಿಯೇ ತೋರಿಸುತ್ತದೆ. ನೀವು ಕಣ್ಣಾರೆ ನೋಡಿದ್ದನ್ನು ಹೇಳಿ. ಡಾಕ್ಟರನ್ನು ಆ ಬಗ್ಗೆ ಕೇಳಿ. ಆದರೆ ಇಡೀ ಕೇಸನ್ನು ಆ ಹತ್ತಿಯುಂಡೆಯ ಮೇಲೆ ನಿಲ್ಲಿಸಬೇಡಿ.

ಕೊನೆಯದಾಗಿ, ಹೆಚ್ಚಿನವರು ಎಡವುವ ಜಾಗ. ಸರ್ಕಾರಿ ವಿಧಿವಿಜ್ಞಾನ ತಜ್ಞರ ವರದಿಯನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ತೆಗೆದುಕೊಳ್ಳಲು ಸುರಕ್ಷಾ ಸಂಹಿತೆಯ 329ನೇ ಸೆಕ್ಷನ್ ಅವಕಾಶ ಕೊಡುತ್ತದೆ (ಹಿಂದೆ 293). ಆದರೆ ಕೋರ್ಟ್ ಬೇಕೆಂದರೆ ಅವರನ್ನು ಕರೆಸಬಹುದು. ಅದಕ್ಕೆ ನೀವು ಅರ್ಜಿ ಹಾಕಬೇಕು, ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಜೊತೆಗೆ ಕ್ರೊಮ್ಯಾಟೊಗ್ರಾಮ್ (ಮೆಷಿನ್ ಬರೆದ ಗ್ರಾಫ್), ಕ್ಯಾಲಿಬ್ರೇಷನ್ (ಮೆಷಿನ್ ಸರಿಯಾಗಿ ಅಳೆಯುತ್ತದೆಯೇ ಅಂತ ನೋಡಿದ) ದಾಖಲೆ, ಎಷ್ಟು ಸಲ ಅಳೆದರು, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಅನ್ನೋದನ್ನೂ ಕೇಳಿ. 34 ಅನ್ನೋ ಸಂಖ್ಯೆಗೆ ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಅರ್ಜಿ ಹಾಕದೆ ಸುಮ್ಮನಿದ್ದು, ವಾದದ ದಿನ ‘ತಜ್ಞರನ್ನು ವಿಚಾರಿಸಿಲ್ಲ’ ಅಂತ ಗೋಳಾಡಿದರೆ ನ್ಯಾಯಾಧೀಶರು ನಿಮ್ಮನ್ನೇ ನೋಡುತ್ತಾರೆ. ಆಹಾರ ಸುರಕ್ಷತಾ ಕಾನೂನಿನಲ್ಲಿ ಸ್ಯಾಂಪಲನ್ನು ನಾಲ್ಕು ಭಾಗ ಮಾಡುವ ಏರ್ಪಾಡು ಇದೆ. 204ರಲ್ಲಿ ಅಂಥದ್ದೇನೂ ಬರೆದಿಲ್ಲ. ಉಳಿದ ರಕ್ತವನ್ನು ಮತ್ತೆ ಪರೀಕ್ಷಿಸಿ ಅಂತ ಕೇಳುವುದಿದ್ದರೆ ಬೇಗ ಕೇಳಿ. ಲ್ಯಾಬಿನವರು ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್. ರಾತ್ರಿ ಪೊಲೀಸರು ಕರೆತಂದವರ ರಕ್ತ ತೆಗೆದು ಕೊಡುತ್ತೇನೆ. ಮೂರು ವರ್ಷದ ಮೇಲೆ ಸಮನ್ಸ್ ಬರುತ್ತದೆ. ಆ ಮುಖವೂ ನೆನಪಿರುವುದಿಲ್ಲ. ಕಟಕಟೆಯಲ್ಲಿ ನಿಮ್ಮಂಥವರು ಕೇಳುವ ಪ್ರಶ್ನೆಗೆ ಬೆವರುತ್ತೇನೆ. ಏನು ಬರೆದಿಟ್ಟುಕೊಂಡರೆ ಒಳ್ಳೆಯದು? (ಪಾವಗಡ)

ಉತ್ತರ: ನಮ್ಮಂಥವರು! ಇರಲಿ ಡಾಕ್ಟರೇ, ನೇರವಾಗಿ ಕೇಳಿದ್ದೀರಿ.

ನಿಮ್ಮ ನೆನಪನ್ನು ನಾನು ಪರೀಕ್ಷೆ ಮಾಡುವುದಿಲ್ಲ, ನಿಮ್ಮ ರಿಜಿಸ್ಟರನ್ನು ಪರೀಕ್ಷೆ ಮಾಡುತ್ತೇನೆ. ಗಡಿಯಾರ ನೋಡಿ ಸಮಯ ಬರೆಯಿರಿ, ‘ರಾತ್ರಿ’ ಅಂತ ಬಿಡಬೇಡಿ. ಯಾವ ತೋಳು, ಚರ್ಮ ಒರೆಸಿದ್ದು ಯಾವುದರಿಂದ, ಯಾವ ಟ್ಯೂಬ್, ಎಷ್ಟು ಮಿಲಿಲೀಟರ್. ಸೀಲ್ ಹಾಕಿದ ಮೇಲೆ ಅದರ ಗುರುತನ್ನು ಕಾಗದದ ಮೇಲೂ ಒತ್ತಿ. ಯಾವ ಪೇದೆಯ ಕೈಗೆ ಕೊಟ್ಟಿರಿ, ಅವರ ನಂಬರ್ ಮತ್ತು ಸಹಿ. ಕಾಯ್ದೆಯ ಪ್ರಕಾರ ರಕ್ತ ಕೊಡಬೇಕಾದ್ದು ನೋಂದಾಯಿತ ವೈದ್ಯರಿಗೆ. ಸೂಜಿ ಹಿಡಿದಿದ್ದು ನರ್ಸ್ ಆಗಿದ್ದರೆ ‘ನನ್ನ ಸಮ್ಮುಖದಲ್ಲಿ’ ಅಂತ ಸೇರಿಸಿ. ನೀವು ಗಂಡಸಾಗಿದ್ದು, ರಕ್ತ ಕೊಡುವವರು ಹೆಂಗಸಾಗಿದ್ದರೆ ಅಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕು. ಆಕೆ ಯಾರಿದ್ದರು ಅಂತ ಹೆಸರು ಬರೆಯಿರಿ. ಇದನ್ನು ಬರೆಯದ ಫೈಲುಗಳೇ ನನಗೆ ಹೆಚ್ಚು ಸಿಗುತ್ತವೆ.

‘ಬಾಯಿಂದ ಮದ್ಯದ ವಾಸನೆ’ ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬೇಡಿ. 1971ರಲ್ಲಿ ಬಚ್ಚುಭಾಯಿ ಹಸನಲ್ಲಿ ಕರ್ಯಾನಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದ್ದಿದ್ದು ವಾಸನೆ, ತೂರಾಡುವ ನಡಿಗೆ, ಅಗಲವಾದ ಪಾಪೆ, ತೊದಲು ಮಾತು. ರಕ್ತವನ್ನೂ ಮೂತ್ರವನ್ನೂ ಪರೀಕ್ಷೆ ಮಾಡಿರಲಿಲ್ಲ. ಇಷ್ಟರಿಂದಲೇ ಕುಡಿದ ಅಮಲಿನಲ್ಲಿದ್ದ ಅಂತ ಖಚಿತವಾಗಿ ಹೇಳಲಾಗದು ಅಂತ ಕೋರ್ಟ್ ಹೇಳಿತು. ನಡಿಗೆ, ಮಾತು, ಪಾಪೆ ಎಲ್ಲವನ್ನೂ ನೋಡಿ ಬರೆಯಿರಿ, ಜೊತೆಗೆ ರಕ್ತವನ್ನೂ ಕಳಿಸಿ. ತಲೆಗೆ ಏಟು ಬಿದ್ದವನೂ ತೊದಲುತ್ತಾನೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ನನಗೆ 66 ವರ್ಷ. ಊಟದ ನಂತರ ದಶಮೂಲಾರಿಷ್ಟ ಕುಡಿಯುವ ಅಭ್ಯಾಸ. ಸ್ಕೂಟರ್‌ನಲ್ಲಿ ತೋಟಕ್ಕೆ ಹೋಗಿಬರುತ್ತೇನೆ. ಪೊಲೀಸರು ಊದಿಸಿದರೆ ಸಿಕ್ಕಿಬೀಳುತ್ತೇನೆಯೇ? ರಕ್ತ ತೆಗೆಸಿದರೆ ಬಚಾವಾಗಬಹುದೇ? (ತಿಪಟೂರು)

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಹೆಚ್ಚಾಗಿ ಶೇ 5ರಿಂದ 10. ಬಾಟಲಿಯ ಲೇಬಲ್ ಓದಿ. ಶೇ 10 ಅಂತಲೇ ಇಟ್ಟುಕೊಂಡರೂ 30 ಮಿಲಿಲೀಟರ್‌ನಲ್ಲಿ 2.4 ಗ್ರಾಂ. 60 ಕೆ.ಜಿ. ಮನುಷ್ಯನ ರಕ್ತದಲ್ಲಿ ಅದು 6 ಮಿಲಿಗ್ರಾಂ ಆಸುಪಾಸು. ಮಿತಿ 30.

ಆದರೆ ಕುಡಿದ ಕೂಡಲೇ ಊದಿದರೆ ಮಾತೇ ಬೇರೆ. ಬಾಯಲ್ಲಿ ಉಳಿದ ಹನಿಯ ಆವಿ ಮೆಷಿನ್‌ಗೆ ಹೋಗುತ್ತದೆ. ಮೆಷಿನ್ ಇರುವುದು ಶ್ವಾಸಕೋಶದ ಆಳದಿಂದ ಬಂದ ಗಾಳಿಯಲ್ಲಿರುವ ಆಲ್ಕೋಹಾಲನ್ನು ಅಳೆದು, 2,100ಕ್ಕೆ 1 ಅನ್ನುವಂಥ ಅನುಪಾತದಿಂದ ರಕ್ತದ ಲೆಕ್ಕಕ್ಕೆ ಪರಿವರ್ತಿಸಲು. ಬಾಯಿಯ ಆವಿ ಸೇರಿಕೊಂಡರೆ ಸಂಖ್ಯೆ ಎಲ್ಲೆಲ್ಲೋ ಹೋಗುತ್ತದೆ. ಹದಿನೈದು ನಿಮಿಷ ಕಳೆದರೆ ಅದು ಹೋಗಿಬಿಡುತ್ತದೆ. ತಡೆದು ಊದಿಸಿದರೆ ಔಷಧಿಯ ವಿಷಯ ಹೇಳಿ, ಕಾಲು ಗಂಟೆ ಬಿಟ್ಟು ಮತ್ತೆ ಊದುತ್ತೇನೆ ಅನ್ನಿ. ಬಂಧಿಸಿ ಸ್ಟೇಷನ್‌ಗೆ ಕರೆದೊಯ್ದರೆ ಅಲ್ಲೂ ಊದುವ ಅವಕಾಶ ಕೊಡಬೇಕು ಅಂತ 203ರಲ್ಲೇ ಇದೆ. ಹಾಗೆ ಆದಾಗ ರಕ್ತ ಪರೀಕ್ಷೆ ನಿಮ್ಮ ಶತ್ರುವಲ್ಲ, ನೀವೇ ಕೇಳಿ. ಎಲ್ಲಕ್ಕಿಂತ ಸುಲಭ, ತೋಟದಿಂದ ಬಂದ ಮೇಲೆ ಕುಡಿಯಿರಿ.

ಇದೇ ನೆಪದಲ್ಲಿ ಇನ್ನೊಂದು ಮಾತು. ಈರುಳ್ಳಿ ಅಗಿಯೋದು, ಏಲಕ್ಕಿ, ಮಜ್ಜಿಗೆ, ಪುದೀನ ಪೆಪ್ಪರ್‌ಮೆಂಟ್ ಅಂತ ಹಲವರು ಉಪಾಯ ಕಳಿಸಿದ್ದೀರಿ. ಇವು ವಾಸನೆ ಮುಚ್ಚುತ್ತವೆ. ರಕ್ತದಿಂದ ಶ್ವಾಸಕೋಶಕ್ಕೆ ಬರುವ ಆಲ್ಕೋಹಾಲನ್ನು ಒಂದಿಷ್ಟೂ ಕಡಿಮೆ ಮಾಡಲ್ಲ.

ಪ್ರಶ್ನೆ: ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಬೇಕಾಗಿಲ್ಲ ಅಂತ ಸಂವಿಧಾನದಲ್ಲಿ ಇದೆಯಂತೆ. ಹಾಗಾದರೆ ರಕ್ತ ಕೊಡಲ್ಲ ಅನ್ನಬಹುದಲ್ಲ? (ಮಧುಗಿರಿ)

ಉತ್ತರ: ಅನ್ನಬಹುದು, ಆದರೆ ಲಾಭ ಇಲ್ಲ. ಸಂವಿಧಾನದ 20(3)ನೇ ವಿಧಿ ನೀವು ಹೇಳಿದ್ದೇ. ಆದರೆ 1961ರಲ್ಲಿ ಕಾಠಿ ಕಾಲು ಓಘಡ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಬೆರಳಚ್ಚು, ಕೈಬರಹದ ಮಾದರಿಯಂಥವು ‘ಸಾಕ್ಷಿ ಹೇಳುವುದು’ ಆಗುವುದಿಲ್ಲ ಅಂದಿತು. ರಕ್ತವನ್ನೂ ಕೋರ್ಟುಗಳು ಅದೇ ಸಾಲಿನಲ್ಲಿ ನೋಡುತ್ತವೆ. ಬಂಧಿತನನ್ನು ಪೊಲೀಸರ ಕೋರಿಕೆಯ ಮೇಲೆ ವೈದ್ಯರು ಪರೀಕ್ಷಿಸಬಹುದು, ಅಗತ್ಯವಿದ್ದಷ್ಟು ಬಲ ಬಳಸಬಹುದು ಅಂತ ಸುರಕ್ಷಾ ಸಂಹಿತೆಯ 51ನೇ ಸೆಕ್ಷನ್ ಹೇಳುತ್ತದೆ. ಮೊದಲು ಕೋರಿಕೆ ಕೊಡಲು ಸಬ್ ಇನ್‌ಸ್ಪೆಕ್ಟರ್ ದರ್ಜೆಯವರು ಬೇಕಿತ್ತು. 2024ರ ಜುಲೈ 1ರಿಂದ ಯಾವ ಪೊಲೀಸ್ ಅಧಿಕಾರಿಯಾದರೂ ಸಾಕು. ಮೋಟಾರು ವಾಹನ ಕಾಯ್ದೆಯ 205ರ ಪ್ರಕಾರ, ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ನಿಮ್ಮ ವಿರುದ್ಧ ಬಳಸಬಹುದು. ಕಾಯಿಲೆಯ ಕಾರಣ ಇದ್ದರೆ ಡಾಕ್ಟರ ಮುಂದೆ ಹೇಳಿ, ಬರೆಸಿ.

ಪ್ರಶ್ನೆ: ಎರಡು ಗಂಟೆಯೊಳಗೆ ರಕ್ತ ತೆಗೆಯದಿದ್ದರೆ ಕೇಸೇ ರದ್ದಂತೆ, ಹೌದೇ? (ಗುಬ್ಬಿ)

ಉತ್ತರ: ಎರಡು ಗಂಟೆ ಅನ್ನೋದು ಮೋಟಾರು ವಾಹನ ಕಾಯ್ದೆಯ 202ನೇ ಸೆಕ್ಷನ್ನಿನಲ್ಲಿದೆ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಟ್ಟು ಕಳಿಸಬೇಕು. ಬಿಡಬೇಕಾದ್ದು ಮನುಷ್ಯನನ್ನು. ಕೇಸು ರದ್ದು ಅಂತ ಅಲ್ಲಿ ಬರೆದಿಲ್ಲ. ತಡವಾಗಿ ತೆಗೆದಿದ್ದನ್ನು ನಿಮ್ಮ ವಕೀಲರು ಎತ್ತಿ ತೋರಿಸಬಹುದು. ಆದರೆ ತಡವಾದಷ್ಟೂ ರಕ್ತದ ಆಲ್ಕೋಹಾಲ್ ಇಳಿಯುತ್ತದೆ, ಅಂದರೆ ಸಾಮಾನ್ಯವಾಗಿ ಲಾಭ ನಿಮಗೇ. ಒಂದೇ ಒಂದು ಅಪವಾದ ಇದೆ. ಕೊನೆಯ ಗುಟುಕು ಕುಡಿದು ಕೂಡಲೇ ಗಾಡಿ ಹತ್ತಿದ್ದರೆ, ಗಾಡಿ ಓಡಿಸುವಾಗ ಮಟ್ಟ ಇನ್ನೂ ಏರುತ್ತಿರುತ್ತದೆ. ತುತ್ತತುದಿಗೆ ಹೋಗಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಆಗ ಒಂದು ಗಂಟೆ ಬಿಟ್ಟು ತೆಗೆದ ರಕ್ತ ಗಾಡಿಯ ಮೇಲಿದ್ದಾಗಿನ ಮಟ್ಟಕ್ಕಿಂತ ಜಾಸ್ತಿ ತೋರಿಸಬಹುದು. ಇದನ್ನು ಸಾಬೀತು ಮಾಡಲು ಯಾವಾಗ, ಎಷ್ಟು ಕುಡಿದೆ ಅಂತ ನೀವೇ ಒಪ್ಪಿಕೊಳ್ಳಬೇಕಾಗುತ್ತದೆ. ಯೋಚನೆ ಮಾಡಿ.

ಪ್ರಶ್ನೆ: ಕ್ರಿಮಿನಲ್ ಕೇಸಿನಲ್ಲಿ ನನಗೆ ಬಿಡುಗಡೆ ಆಗಿದೆ. ರಕ್ತದ ಸ್ಯಾಂಪಲ್ ಸೀಲ್ ಸರಿಯಿಲ್ಲ ಅಂತ ಜಡ್ಜ್ ಬರೆದಿದ್ದಾರೆ. ಆದರೂ ವಿಮಾ ಕಂಪನಿಯವರು ನನ್ನ ಕಾರಿನ ರಿಪೇರಿ ಹಣ ಕೊಡಲ್ಲ ಅನ್ನುತ್ತಿದ್ದಾರೆ. ಇದು ಕೋರ್ಟ್ ನಿಂದನೆ ಅಲ್ಲವೇ? (ಕುಣಿಗಲ್)

ಉತ್ತರ: ಅಲ್ಲ. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಇವು ಎರಡು ಬೇರೆ ಬೇರೆ ಅಂಗಳ. ಈ ವಿಷಯ ನಮ್ಮ ವಕೀಲರಲ್ಲೂ ಹಲವರಿಗೆ ಹೊಳೆಯುವುದು ಕ್ಲೇಮ್ ತಿರಸ್ಕಾರದ ಪತ್ರ ಬಂದ ಮೇಲೆ.

ಕ್ರಿಮಿನಲ್ ಕೇಸಿನಲ್ಲಿ 30 ಮಿಲಿಗ್ರಾಂ ದಾಟಿತ್ತು ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಸೀಲ್ ಹೋದರೆ ರಿಪೋರ್ಟ್ ಹೋಗುತ್ತದೆ. ರಿಪೋರ್ಟ್ ಹೋದರೆ ಕೇಸಿನಲ್ಲಿ ಏನೂ ಉಳಿಯುವುದಿಲ್ಲ. ವಿಮೆಯ ಪಾಲಿಸಿಯಲ್ಲಿ ಇರುವ ಷರತ್ತು ಬೇರೆ. ಅಲ್ಲಿ ‘ಮದ್ಯದ ಪ್ರಭಾವದಲ್ಲಿ’ ಓಡಿಸಿದ್ದರೆ ಕೊಡುವುದಿಲ್ಲ ಅಂತಿರುತ್ತದೆ, ಸಂಖ್ಯೆ ಇರುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪರ್ಲ್ ಬೆವರೇಜಸ್ ಕೇಸಿನಲ್ಲಿ ಇದನ್ನೇ ಬಿಡಿಸಿ ಹೇಳಿತು. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಒಂದು ಪೋರ್ಶೆ ಕಾರು ಬೆಳಗಿನ ಜಾವ ಫುಟ್‌ಪಾತಿಗೆ ಹೊಡೆದು ಉರುಳಿ ಸುಟ್ಟುಹೋಗಿತ್ತು. ಉಸಿರಿನ ಪರೀಕ್ಷೆಯೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ. ಚಾಲಕನ ಬಾಯಲ್ಲಿ ಮದ್ಯದ ವಾಸನೆ ಇತ್ತು ಅಂತ ವೈದ್ಯಕೀಯ ದಾಖಲೆಯಲ್ಲಿತ್ತು. ಅಗಲವಾದ ರಸ್ತೆಯಲ್ಲಿ, ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಹೀಗಾಯಿತು ಅನ್ನೋದನ್ನೂ ಸೇರಿಸಿ ನೋಡಿ, ವಿಮಾ ಕಂಪನಿಯ ಪರವಾಗಿ ತೀರ್ಪು ಬಂತು. 30 ಮಿಲಿಗ್ರಾಂ ಅಂತ ಕಂಪನಿ ತೋರಿಸಲೇಬೇಕಾಗಿಲ್ಲ, ಬೇರೆ ಸಾಕ್ಷ್ಯದಿಂದಲೂ ತೋರಿಸಬಹುದು.

ಇದರ ಇನ್ನೊಂದು ಮುಖ ನಿಮಗೆ ಉಪಯೋಗ. ತೋರಿಸುವ ಹೊಣೆ ಕಂಪನಿಯದೇ. ಬರೀ ‘ವಾಸನೆ ಇತ್ತು’ ಅಂದರೆ ಸಾಲದು, ಗಾಡಿ ಓಡಿಸುವುದರ ಮೇಲೆ ಅದರ ಪ್ರಭಾವ ಇತ್ತು ಅನ್ನೋದು ಸಂದರ್ಭಗಳಿಂದ ಕಾಣಬೇಕು. ಅಪಘಾತ ಹೇಗಾಯಿತು? ಎದುರಿನ ಲಾರಿ ಅಡ್ಡ ಬಂತೇ? ಕತ್ತಲಲ್ಲಿ ಹಂಪ್ ಇತ್ತೇ? ಸ್ಥಳ ಮಹಜರು, ಫೋಟೊ, ಸರ್ವೇಯರ್ ವರದಿ ಎಲ್ಲ ಹೊರಗೆ ತೆಗೆಯಿರಿ. ತಿರಸ್ಕಾರದ ಪತ್ರ ಬಂದ ಎರಡು ವರ್ಷದೊಳಗೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಬಿಡುಗಡೆಯ ತೀರ್ಪಿನ ಪ್ರತಿಯನ್ನೂ ಲಗತ್ತಿಸಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಹೋಗಬೇಡಿ.

ಪ್ರಶ್ನೆ: ಮೊದಲ ಸಲ ಸಿಕ್ಕಿಬಿದ್ದಿದ್ದೇನೆ. ಸ್ಟೇಷನ್ನಿನಲ್ಲೇ 10,000 ಕಟ್ಟಿ ಮುಗಿಸಿಕೊಳ್ಳಬಹುದೇ? ವಕೀಲರಿಗೆ ಕೊಡಲು ದುಡ್ಡಿಲ್ಲ. (ಶಿರಾ)

ಉತ್ತರ: ಆಗುವುದಿಲ್ಲ. ಹೆಲ್ಮೆಟ್ ದಂಡದ ಹಾಗೆ ರಸ್ತೆಯಲ್ಲೋ ಸ್ಟೇಷನ್ನಿನಲ್ಲೋ ರಾಜಿ ಮಾಡಿಕೊಳ್ಳುವ ಪಟ್ಟಿಯಲ್ಲಿ 185 ಇಲ್ಲ. ಕೋರ್ಟಿಗೆ ಹೋಗಲೇಬೇಕು. ಯಾರಾದರೂ ಅಲ್ಲೇ ತೆಗೆದುಕೊಳ್ಳುತ್ತೇನೆ ಅಂದರೆ ಕೊಡಬೇಡಿ. ಮೊದಲ ಸಲಕ್ಕೆ 10,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆ ಅಂತಲೇ ದಾಖಲಾಗುತ್ತದೆ. ಇನ್ನೊಮ್ಮೆ ಸಿಕ್ಕಿದರೆ 15,000 ದಂಡ, ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ರಿಪೋರ್ಟ್ ನೋಡದೆ ತಪ್ಪೊಪ್ಪಿಕೊಳ್ಳಬೇಡಿ. 31 ಅಂತ ಇದ್ದರೆ ಮೇಲಿನ ಮೊದಲ ಉತ್ತರ ಓದಿ. 110 ಅಂತ ಇದ್ದರೆ ಆ ಉತ್ತರದಿಂದ ನಿಮಗೆ ಹೆಚ್ಚು ಸಿಗಲ್ಲ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಬಂಧನದಲ್ಲಿರುವವರು, ಆದಾಯ ಕಡಿಮೆ ಇರುವವರು, ಇವರಿಗೆಲ್ಲ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲೇ ವಿಚಾರಿಸಿ.

ಡಿಎಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಅದೂ ಬರುತ್ತದೆ. ಕುಡಿದು ಓಡಿಸಿದವರ ಡಿಎಲ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಮಾನತಿಗೆ ಮೊದಲು ಆರ್‌ಟಿಒ ನಿಮ್ಮ ಮಾತು ಕೇಳಬೇಕು. ಅಲ್ಲಿಂದ ನೋಟಿಸ್ ಬಂದರೆ ಕೋರ್ಟಿನ ಕೇಸು ಮುಗಿಯಲಿ ಅಂತ ಕಾಯಬೇಡಿ. ಬರವಣಿಗೆಯಲ್ಲಿ ಉತ್ತರ ಕೊಟ್ಟು, ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ.